ಮೂಗು ಕೈಕೊಟ್ಟ ದಿನ

ಹೋದ ವಾರ ಪಕ್ಕದ ಊರಿನಿಂದ ಒಬ್ಬ ಹುಡುಗಿ ನಮ್ಮ ಡೇರಿಗೆ ಹಾಲು ಪರೀಕ್ಷೆ ಮಾಡುವ ಟೆಸ್ಟರ್ ಕೆಲಸ ಕಲಿಯೋಕೆ ಬಂದಿದ್ದಳು. ರಿಜಿಸ್ಟರ್ ತಿರುವಿ ಹಾಕುತ್ತಾ, "ಅಕ್ಕಾ, ವಾಸನೆ ಕಾಲಮ್ಮಿಗೆ ಯಾಕೆ ಎರಡು ಸಹಿ? ನಮ್ಮೂರಲ್ಲಿ ಒಂದೇ ಇರೋದು" ಅಂದಳು. ಆಮೇಲೆ ಹೇಳ್ತೀನಿ ಅಂದೆ. ಹಾಲಿನವರು ಸಾಲು ನಿಂತಿದ್ದರು, ಹೇಳೋಕೆ ಆಗಲಿಲ್ಲ. ಅವಳಿಗೆ ಹೇಳಬೇಕಾದದ್ದನ್ನ ಇಲ್ಲಿ ಬರೆಯುತ್ತಿದ್ದೇನೆ.

ನಾನು ಶಿಡ್ಲಘಟ್ಟ ತಾಲ್ಲೂಕಿನ ಒಂದು ಮಹಿಳಾ ಡೇರಿಯಲ್ಲಿ ಕಾರ್ಯದರ್ಶಿ. ಆಗ ಟೆಸ್ಟರೂ ನಾನೇ. ನಮ್ಮದು 2,000 ಲೀಟರಿನ ಬಿಎಂಸಿ, ಅಂದರೆ ಹಾಲು ತಣ್ಣಗಿಡುವ ದೊಡ್ಡ ಟ್ಯಾಂಕ್. ಸಂಜೆಯದು, ಬೆಳಗಿನದು ಎರಡೂ ಸೇರಿ ಒಂಬತ್ತೂವರೆಗೆ ಟ್ಯಾಂಕರಿಗೆ ಹೋಗುತ್ತದೆ.

2020ರ ಮಾರ್ಚ್‌ನಲ್ಲಿ ಮೊದಲ ಲಾಕ್‌ಡೌನ್ ಆದಾಗ ನಮಗೆಲ್ಲ ಒಂದೇ ಭಯ, ಹಾಲು ತಗೊಳ್ಳೋದು ನಿಲ್ಲಿಸಿಬಿಟ್ಟರೆ ಏನು ಗತಿ ಅಂತ. ಬೆಂಗಳೂರಲ್ಲಿ ಹೋಟೆಲು, ಛತ್ರ, ಹಾಸ್ಟೆಲು ಎಲ್ಲ ಮುಚ್ಚಿದ್ದವು. ಹಸುಗಳನ್ನ ಮಾತ್ರ ಎರಡು ಹೊತ್ತೂ ಕರೆಯಲೇಬೇಕು. ಏಪ್ರಿಲ್‌ನಲ್ಲಿ ಸರ್ಕಾರವೇ ಮಿಕ್ಕ ಹಾಲನ್ನ ಬಡವರಿಗೆ ಉಚಿತವಾಗಿ ಹಂಚಿತು. ರೇಷ್ಮೆ ಗೂಡಿನ ಬೆಲೆ ಬಿದ್ದುಹೋಗಿ, ತರಕಾರಿ ತೋಟದಲ್ಲೇ ಕೊಳೆಯುತ್ತಿದ್ದಾಗ ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಂಗಡಿ ಸಾಲ ತೀರಿಸಿದ್ದು ಹಾಲಿನ ಬಟವಾಡೆ ದುಡ್ಡು. ಆ ವರ್ಷವೆಲ್ಲ ನಮ್ಮ ಡೇರಿ ಬಾಗಿಲು ಒಂದು ಹೊತ್ತೂ ಮುಚ್ಚಲಿಲ್ಲ. ಅದು ನನಗೆ ದೊಡ್ಡ ಹೆಮ್ಮೆ. ನಾನಿಲ್ಲದೆ ಡೇರಿ ನಡೆಯೋದಿಲ್ಲ ಅನ್ನೋದು ನನ್ನ ತಲೆಯಲ್ಲಿ ಕೂತಿದ್ದು ಆಗಲೇ.

2021ರ ಮೇ ತಿಂಗಳು. ಎರಡನೇ ಅಲೆ ಹಳ್ಳಿಗಳಿಗೆ ನುಗ್ಗಿತ್ತು. ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ಅಂಗಡಿ. ಮಗಳು ಎಸ್ಸೆಸ್ಸೆಲ್ಸಿ. ಜೂನ್ 21ಕ್ಕೆ ಇದ್ದ ಪರೀಕ್ಷೆ ಮುಂದಕ್ಕೆ ಹೋಗಿತ್ತು, ಯಾವಾಗ ಅಂತ ಗೊತ್ತಿರಲಿಲ್ಲ. ಮನೆಗೆ ಇದ್ದದ್ದು ಒಂದೇ ಸ್ಮಾರ್ಟ್‌ಫೋನ್. ಡೇರಿಯ ಲೆಕ್ಕ, ವಾಟ್ಸಾಪ್ ಗ್ರೂಪಿನ ಸುತ್ತೋಲೆ, ಬ್ಯಾಂಕಿನ ಓಟಿಪಿ, ಮಗಳ ಕ್ಲಾಸು ಎಲ್ಲ ಅದರಲ್ಲೇ. ನಾನು ಫೋನ್ ಹಿಡಿದು ಡೇರಿಗೆ ಹೊರಟರೆ ಅವಳ ಪಾಠ ನಿಂತುಹೋಗುತ್ತಿತ್ತು. ನಮ್ಮನೆಯವರು ರೇಷ್ಮೆ ಹುಳು ಮನೆಯಲ್ಲಿ. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಬಿಟ್ಟ ಹುಳು, ರಾತ್ರಿ ಹಗಲು ಸೊಪ್ಪು ಹಾಕಬೇಕು. ಅತ್ತೆಗೆ ಸಕ್ಕರೆ ಕಾಯಿಲೆ. ನಾನು ನಾಲ್ಕೂವರೆಗೆ ಎದ್ದು, ಅಡುಗೆ ಮಾಡಿಟ್ಟು, ಆರಕ್ಕೆ ಡೇರಿ ಬಾಗಿಲು ತೆಗೆಯುತ್ತಿದ್ದೆ.

ಆ ವಾರ ಮೈಕೈ ನೋವಿತ್ತು. ನಿದ್ದೆ ಸಾಲದೆ ಅಂದುಕೊಂಡೆ. ಎರಡೆರಡು ಮಾಸ್ಕ್ ಹಾಕುತ್ತಿದ್ದೆ, ಅದಕ್ಕೇ ಹಾಲಿನ ವಾಸನೆ ಸರಿಯಾಗಿ ಬರ್ತಿಲ್ಲ ಅಂದುಕೊಂಡೆ. ಒಂದು ದಿನ ಮಧ್ಯಾಹ್ನ ಮಗಳು ಓಡಿ ಬಂದು, "ಅಮ್ಮಾ, ಸಾರು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ, ನೀನು ಒಲೆ ಮುಂದೆನೇ ನಿಂತಿದ್ದೀಯ, ಗೊತ್ತಾಗ್ತಿಲ್ವಾ?" ಅಂದಳು. ನಾನು ಗದರಿದೆ. ಕೆಲಸ ಮಾಡೋರಿಗೆ ಗೊತ್ತು ಕಷ್ಟ, ನೀನು ಹೋಗಿ ಓದ್ಕೋ ಅಂದೆ. ಅವಳು ಸುಮ್ನೆ ಪಾತ್ರೆ ಇಳಿಸಿ, ನೀರು ಹಾಕಿಟ್ಟು ಹೋದಳು. ಆ ಮಾತು ನೆನೆದರೆ ಈಗಲೂ ನನಗೆ ಸಂಕಟ ಆಗುತ್ತದೆ.

ಅವತ್ತು ಸಂಜೆ 610 ಲೀಟರ್ ಬಂತು. ಸಾಲಿನಲ್ಲಿ ಒಬ್ಬರು ಅಕ್ಕ, ಅವರ ಮನೆಯಲ್ಲಿ ಗಂಡನಿಗೆ ಜ್ವರ, ಬೆಳಗಿನ ಹಾಲು ತರೋಕಾಗದೆ ಮನೆಯಲ್ಲೇ ಇಟ್ಟಿದ್ದರು. ಅದನ್ನೇ ಸಂಜೆ ಹಾಲಿಗೆ ಬೆರೆಸಿ ತಂದಿದ್ದರು. ನನಗೆ ಹೇಳಲಿಲ್ಲ. ಬೇರೆ ದಿನ ಆಗಿದ್ದರೆ ಮುಚ್ಚಳ ತೆಗೆದ ಕೂಡಲೇ ನನಗೆ ಗೊತ್ತಾಗುತ್ತಿತ್ತು, ಹಾಲು ಹುಳಿ ತಿರುಗುವ ಮುಂಚೆ ಒಂದು ಚೂರು ಮಜ್ಜಿಗೆ ವಾಸನೆ ಬರುತ್ತದೆ, ಅದು ನನಗೆ ಹದಿಮೂರು ವರ್ಷದ ಅಭ್ಯಾಸ. ಅವತ್ತು ಮಾಸ್ಕ್ ಇಳಿಸಿ ಮೂಸಿದೆ. ಏನೂ ಇಲ್ಲ. ಸರಿ ಅಂತ ತೊಟ್ಟಿಗೆ ಹಾಕಿಸಿದೆ. ಫ್ಯಾಟ್ 3.9, ಎಸ್‌ಎನ್‌ಎಫ್ 8.5 ಬಂತು, ಅಂದರೆ ಕೊಬ್ಬು ಮತ್ತು ಕೊಬ್ಬು ಬಿಟ್ಟು ಉಳಿದ ಗಟ್ಟಿ ಅಂಶ. ಯಂತ್ರ ಅಷ್ಟೇ ಹೇಳೋದು. ಹುಳಿ ಇದೆಯೋ ಇಲ್ವೋ ಅದಕ್ಕೆ ಗೊತ್ತಾಗೋದಿಲ್ಲ.

ಏಳೂಕಾಲಿಗೆ ಕಡೆಯ ಹಾಲು ಬಿತ್ತು. ಎಂಟಕ್ಕೆ ಗಾಳಿ ಮಳೆ, ಕರೆಂಟ್ ಹೋಯ್ತು. ಹಾಲು ಇನ್ನೂ 24 ಡಿಗ್ರಿಯಲ್ಲಿತ್ತು. ಟಾರ್ಚ್ ಹಿಡಿದು ಹೋಗಿ ಜನರೇಟರ್ ಕೀ ತಿರುಗಿಸಿದೆ. ಟಿಕ್ ಅಂತು, ಅಷ್ಟೇ. ಬ್ಯಾಟರಿ ಹೋಗಿ ಮೂರು ತಿಂಗಳಾಗಿತ್ತು. ಕಮಿಟಿ ಮೀಟಿಂಗ್ ಆಗದೆ ಮಂಜೂರಾಗಿಲ್ಲ ಅನ್ನೋದು ಉತ್ತರ. ಮೀಟಿಂಗ್ ಯಾಕೆ ಆಗಿಲ್ಲ ಅಂದರೆ ಲಾಕ್‌ಡೌನ್. ಎರಡೂ ಹೊತ್ತು ಐವತ್ತು ಜನ ಸಾಲು ನಿಲ್ಲುವ ಕಡೆ ಏಳು ಜನ ದೂರ ದೂರ ಕೂತು ಒಂದು ಸಹಿ ಹಾಕೋಕೆ ಆಗಲಿಲ್ಲ ಅನ್ನೋ ಸಿಟ್ಟು ನನಗೆ ಇವತ್ತಿಗೂ ಇದೆ. ಅಂಥ ಹೊತ್ತಲ್ಲಿ ಯಾವಾಗಲೂ ಪಕ್ಕದ ಮನೆ ಟ್ರ್ಯಾಕ್ಟರ್ ಬ್ಯಾಟರಿ ತಂದು ಹಚ್ಚುತ್ತಿದ್ದೆವು. ಅವತ್ತು ಹೋಗಿ ಕೇಳೋಕೆ ನನ್ನ ಕಾಲಲ್ಲಿ ಶಕ್ತಿ ಇರಲಿಲ್ಲ. ಮನೆಯಿಂದ ಮಗಳು ಕರೆಯುತ್ತಿದ್ದಳು, ಅಜ್ಜಿಗೆ ಚಳಿ ಅಂತಿದ್ದಾರೆ ಅಂತ. ಈಗ ಬರುತ್ತೆ ಕರೆಂಟು ಅಂದುಕೊಂಡು ಮನೆಗೆ ಹೋದೆ. ಕರೆಂಟ್ ಬಂದದ್ದು ರಾತ್ರಿ ಒಂದು ಗಂಟೆಗೆ.

ಬೆಳಿಗ್ಗೆ ಆರಕ್ಕೆ ಹೋದಾಗ ಬಿಎಂಸಿ ಡಿಸ್‌ಪ್ಲೇ 4 ಡಿಗ್ರಿ ತೋರಿಸುತ್ತಿತ್ತು. ಉಸಿರು ಬಂದಂಗಾಯ್ತು. ಆದರೂ ಐದು ತಾಸು ಕರೆಂಟ್ ಇರಲಿಲ್ಲ ಅಂದಮೇಲೆ ಸಿಓಬಿ, ಅಂದರೆ ಕುದಿಸಿದರೆ ಹಾಲು ಒಡೆಯುತ್ತಾ ಅಂತ ನೋಡುವ ಪರೀಕ್ಷೆ, ಮಾಡದೆ ಬೆಳಗಿನ ಹಾಲು ಮೇಲೆ ಸುರಿಯಬಾರದು. ಇದು ನನಗೆ ಚೆನ್ನಾಗಿ ಗೊತ್ತು. ಬೇರೆಯವರಿಗೆ ಹೇಳಿಕೊಟ್ಟಿದ್ದೂ ನಾನೇ. ಟೆಸ್ಟ್ ಟ್ಯೂಬಿಗೆ ಐದು ಎಂಎಲ್ ಹಾಲು, ಕುದಿಯುವ ನೀರಿನಲ್ಲಿ ಐದು ನಿಮಿಷ, ಅಷ್ಟೇ ಕೆಲಸ. ಗ್ಯಾಸ್ ಹಚ್ಚೋಕೆ ಹೋದೆ, ಆಗ ಫೋನ್ ಬಂತು. ನಮ್ಮನೆಯವರು. ಅತ್ತೆ ಎದ್ದಿಲ್ಲ, ಮೈ ಸುಡ್ತಿದೆ, ಮಾತ್ರೆ ಎಲ್ಲಿಟ್ಟಿದ್ದೀಯ ಅಂತ. ಹೊರಗೆ ಬಿಳಿ ಸುಣ್ಣದ ವೃತ್ತದಲ್ಲಿ ಜನ ನಿಂತಿದ್ದಾರೆ, ಒಬ್ಬರು ಬೇಗ ಬನ್ನಿ ಹತ್ತಕ್ಕೆ ಎಲ್ಲ ಮುಚ್ತಾರೆ ಅಂತ ಕೂಗುತ್ತಿದ್ದಾರೆ. ಫೋನ್ ಕಿವಿಗೆ ಒತ್ತಿ ಹಿಡಿದು ಏಣಿ ಹತ್ತಿ, ಬಿಎಂಸಿ ಮುಚ್ಚಳ ತೆಗೆದು ಬಗ್ಗಿ ಮೂಸಿದೆ. ತಣ್ಣಗಿತ್ತು. ವಾಸನೆ ಏನೂ ಇರಲಿಲ್ಲ.

ಅಲ್ಲೇ ನಾನು ತಪ್ಪಿದ್ದು. ಒಳ್ಳೆ ಹಾಲಿಗೆ ವಾಸನೆ ಇರುತ್ತದೆ. ಹಸುವಿನ ಮೈಯ, ಸೀಮೆಹುಲ್ಲಿನ ಸಿಹಿ ವಾಸನೆ. 610 ಲೀಟರ್ ಹಾಲಿನ ಮೇಲೆ ಬಗ್ಗಿದಾಗ ಏನೂ ಬರಲಿಲ್ಲ ಅಂದರೆ ಹಾಲು ಸರಿಯಿದೆ ಅಂತ ಅರ್ಥ ಅಲ್ಲ, ನನ್ನ ಮೂಗು ಸರಿಯಿಲ್ಲ ಅಂತ. ನಾನು ರಿಜಿಸ್ಟರಿನಲ್ಲಿ 'ವಾಸನೆ ಸರಿ' ಅಂತ ಬರೆದು ಸಹಿ ಹಾಕಿ, 730 ಲೀಟರ್ ಬೆಳಗಿನ ಹಾಲನ್ನ ಅದರ ಮೇಲೆ ಸುರಿಸಿದೆ.

ಒಂಬತ್ತೂವರೆಗೆ ಟ್ಯಾಂಕರ್ ಬಂತು. ಜೊತೆಗೆ ಬರುವ ಹುಡುಗ ಏಣಿ ಹತ್ತಿ ಮುಚ್ಚಳ ತೆಗೆದ. ಮಾಸ್ಕ್ ಇದ್ದರೂ ಮುಖ ಹಿಂದಕ್ಕೆ ಎಳೆದುಕೊಂಡ. ನನ್ನನ್ನ ನೋಡಿದ. "ಅಕ್ಕಾ, ನಿಮಗೆ ವಾಸನೆ ಬರ್ತಿಲ್ವಾ?" ಅಂದ.

ಮಗಳು ಕೇಳಿದ್ದೂ ಅದೇ ಮಾತು ಅಲ್ವಾ.

ಅವನು ಹಾಲಿಗೆ ಆಲ್ಕೋಹಾಲ್ ಬೆರೆಸಿ ಹುಳಿ ನೋಡುವ ಆಲ್ಕೋಹಾಲ್ ಟೆಸ್ಟ್ ಮಾಡಿದ. ಹಾಲು ಟ್ಯೂಬಿನ ಗೋಡೆಗೆ ಸಣ್ಣ ಸಣ್ಣ ಕಾಳಾಗಿ ಅಂಟಿಕೊಂಡಿತು. ಇನ್ನೊಮ್ಮೆ ಮಾಡು ಅಂದೆ. ಮಾಡಿದ. ನಾನು ಸಿಓಬಿ ಇಟ್ಟೆ. ನೀರು ಕುದಿಯುವವರೆಗೆ ಯಾರೂ ಮಾತಾಡಲಿಲ್ಲ. ಡ್ರೈವರ್ ಗಡಿಯಾರ ನೋಡುತ್ತಾ ನಿಂತಿದ್ದ, ಅವನಿಗೆ ಇನ್ನೂ ಆರು ಊರು ಬಾಕಿ. ಟ್ಯೂಬ್ ಎತ್ತಿ ಬೆಳಕಿಗೆ ಹಿಡಿದೆ. ಒಡೆದಿತ್ತು. ಮೇಲೆ ನೀರು, ಕೆಳಗೆ ಗಟ್ಟಿ.

ಬಾಗಿಲ ಸಂದಿಯಲ್ಲಿ ಫಿನೈಲ್ ಬಾಟ್ಲಿ ಇತ್ತು. ಮುಚ್ಚಳ ತೆಗೆದು ಮೂಸಿದೆ. ನೀರು ಮೂಸಿದ ಹಾಗಿತ್ತು. ಹಿಂದೆ ಗೋಡೆ ಮೇಲೆ ಕೊರೊನಾ ಪೋಸ್ಟರ್. ಜ್ವರ, ಕೆಮ್ಮು, ಉಸಿರಾಟದ ತೊಂದರೆ, ವಾಸನೆ ಮತ್ತು ರುಚಿ ತಿಳಿಯದಿರುವುದು. ಅದನ್ನ ಮೈದಾಹಿಟ್ಟಿನ ಗೋಂದು ಮಾಡಿ ಅಂಟಿಸಿದ್ದು ನಾನೇ. ಒಂದು ವರ್ಷ ಅದರ ಮುಂದೆ ಕೂತು ಕೆಲಸ ಮಾಡಿದ್ದೆ.

ಎಲ್ಲರಿಗೂ ದೂರ ಹೋಗಿ ಅಂದೆ. 1,340 ಲೀಟರ್ ಹಾಲನ್ನ ಹಿಂದಿನ ಗುಂಡಿಗೆ ಬಿಟ್ಟರು. ನಾನು ಹುಣಸೆಮರದ ಕೆಳಗೆ ಒಬ್ಬಳೇ ನಿಂತು ನೋಡುತ್ತಿದ್ದೆ. ಅಧ್ಯಕ್ಷರು ಸೆರಗು ಮೂಗಿಗೆ ಒತ್ತಿಕೊಂಡರು. ನನಗೆ ಏನೂ ಗೊತ್ತಾಗಲಿಲ್ಲ.

ಪಿಎಚ್‌ಸಿಯಲ್ಲಿ ರ‍್ಯಾಪಿಡ್ ಟೆಸ್ಟ್, ಅರ್ಧ ಗಂಟೆಯಲ್ಲಿ ಪಾಸಿಟಿವ್. ಅತ್ತೆಗೂ ಪಾಸಿಟಿವ್, ಆಕ್ಸಿಜನ್ 91. ಅವರನ್ನ ತಾಲ್ಲೂಕು ಆಸ್ಪತ್ರೆಗೆ, ನನ್ನನ್ನ ಹಾಸ್ಟೆಲಿನಲ್ಲಿದ್ದ ಕೋವಿಡ್ ಕೇರ್ ಸೆಂಟರಿಗೆ ಕರೆದುಕೊಂಡು ಹೋದರು. ಹಳ್ಳಿಯವರಿಗೆ ಹೋಂ ಐಸೊಲೇಷನ್ ಬೇಡ ಅಂತ ಆಗ ತಾನೇ ಆದೇಶ ಆಗಿತ್ತು. ಅತ್ತೆ ಏಪ್ರಿಲ್‌ನಲ್ಲಿ ಒಂದು ಡೋಸ್ ಲಸಿಕೆ ಹಾಕಿಸಿಕೊಂಡಿದ್ದರು. ಒಂಬತ್ತು ದಿನಕ್ಕೆ ಮನೆಗೆ ಬಂದರು. ಯಾರಿಂದ ಯಾರಿಗೆ ಬಂತು ಅಂತ ಡಾಕ್ಟರಿಗೂ ಹೇಳೋಕಾಗಲಿಲ್ಲ. ಆ ಒಂಬತ್ತು ರಾತ್ರಿ ನಾನೇ ತಂದು ಹಚ್ಚಿದೆ ಅಂತಲೇ ನನ್ನ ಮನಸ್ಸು ಹೇಳುತ್ತಿತ್ತು.

ಡೇರಿ ಎರಡು ದಿನ ಮುಚ್ಚಿತು. ರೋಗಕ್ಕಿಂತ ಅದಕ್ಕೆ ಕಾರಣ ನಾನು. ಮಿಷನ್ ಆಪರೇಟ್ ಮಾಡೋದು, ಡಿಗ್ರಿ ನೋಡೋದು, ಬಿಎಂಸಿ ತೊಳೆಯೋದು, ಇದನ್ನೆಲ್ಲ ಯಾರಿಗೂ ಪೂರ್ತಿ ಕಲಿಸಿರಲಿಲ್ಲ. ನಮ್ಮ ಬೀದಿಯ ಒಬ್ಬಳು ಹುಡುಗಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು, ಎರಡು ಸಲ ಕೇಳಿದ್ದಳು, ಕಲಿಸಿ ಅಕ್ಕ ಅಂತ. ನಿಧಾನಕ್ಕೆ ಅಂದಿದ್ದೆ. ನನ್ನ ಜಾಗ ಹೋಗುತ್ತೆ ಅನ್ನೋ ಭಯ ಇತ್ತು ನನಗೆ, ಅದನ್ನ ಯಾರ ಹತ್ತಿರವೂ ಹೇಳಿರಲಿಲ್ಲ. ಮೂರನೇ ದಿನ ಅವಳೇ ಬಾಗಿಲು ತೆಗೆದಳು. ನಾನು ಹಾಸ್ಟೆಲ್ ಮಂಚದ ಮೇಲೆ ಕೂತು ವೀಡಿಯೊ ಕಾಲ್‌ನಲ್ಲಿ ಹೇಳಿಕೊಟ್ಟೆ. ಟ್ಯೂಬನ್ನ ಫೋನ್ ಹತ್ತಿರ ಹಿಡಿದು, "ಇದು ಒಡೆದಿದೆಯಾ ಅಕ್ಕ, ಇಲ್ವಾ?" ಅಂತ ಕೇಳುತ್ತಿದ್ದಳು. ಫೋನ್ ನನ್ನ ಹತ್ತಿರ ಇದ್ದದ್ದಕ್ಕೆ ಅಷ್ಟೂ ದಿನ ಮಗಳಿಗೆ ಕ್ಲಾಸ್ ಇಲ್ಲ. ಚಂದನದಲ್ಲಿ ಬರುವ ಪಾಠ ನೋಡಿಕೊಂಡು, ಅಪ್ಪನ ಜೊತೆ ಹುಳುವಿಗೆ ಸೊಪ್ಪು ಹಾಕಿಕೊಂಡು, ಅಡುಗೆ ಮಾಡಿಕೊಂಡು ಇದ್ದಳು. ಜುಲೈ 19 ಮತ್ತು 22, ಎರಡೇ ದಿನದಲ್ಲಿ ಅವಳ ಪರೀಕ್ಷೆ ಮುಗಿಯಿತು. ಪಾಸಾದಳು.

ಆ ಹಾಲು ತಂದ ಅಕ್ಕ ಆಮೇಲೆ ಮನೆಗೆ ಬಂದು ಅತ್ತರು. ಗಂಡನಿಗೆ ಬಿಸಿನೀರು ಕಾಯಿಸೋದು ನೋಡಲಾ, ಡೇರಿಗೆ ಬರಲಾ, ಆ ಹಾಲು ಚೆಲ್ಲಿದ್ದರೆ ಮಾತ್ರೆಗೆ ದುಡ್ಡಿಲ್ಲ ಅಂದರು. ಅವರನ್ನ ಬೈಯೋಕೆ ನನಗೆ ಬಾಯಿ ಬರಲಿಲ್ಲ. ನಾನು ಮಾಡಿದ್ದೂ ಅದನ್ನೇ. ನಷ್ಟವನ್ನ ಸಂಘ ಹೊತ್ತಿತು, ಆ ವರ್ಷ ಬೋನಸ್ ಕಡಿಮೆ ಬಂತು. ಸಭೆಯಲ್ಲಿ ನಾನೇ ಎದ್ದು ನಿಂತು ನಡೆದದ್ದು ನಡೆದ ಹಾಗೆ ಹೇಳಿದೆ. ಜನರೇಟರಿಗೆ ಬ್ಯಾಟರಿ ಜೂನ್‌ನಲ್ಲಿ ಬಂತು.

ಎರಡು ಸಹಿ ಶುರುವಾದದ್ದು ಹೀಗೆ. ಈಗ ಪ್ರತಿ ಹೊತ್ತು ಇಬ್ಬರು ಮೂಸುತ್ತೇವೆ, ನಾನು ಮತ್ತು ಆ ಹುಡುಗಿ. ಕರೆಂಟ್ ಎರಡು ತಾಸು ಹೋಗಿದ್ದರೆ ಸಿಓಬಿ ಆಗದೆ ಮೇಲೆ ಒಂದು ಲೀಟರೂ ಬೀಳಬಾರದು, ಹೊರಗೆ ಯಾರು ಎಷ್ಟೇ ಕೂಗಾಡಲಿ. ಮೈ ಸರಿಯಿಲ್ಲದವರು ಬರೋದು ಬೇಡ, ಇದು ನನಗೂ ಸೇರಿ. ಡೇರಿಗೆ ಬೇರೆ ಫೋನ್ ಕೊಡಿ ಅಂತ ಕೇಳಿ ಕೇಳಿ ಎಂಟು ತಿಂಗಳಿಗೆ ಬಂತು. ಮೊದಲೇ ಜಗಳ ಆಡಬೇಕಿತ್ತು.

ವಾಸನೆ ವಾಪಸ್ ಬರೋಕೆ ನನಗೆ ಐದು ವಾರ ಬೇಕಾಯ್ತು. ಜೂನ್ ಮೊದಲ ವಾರದಿಂದಲೇ ಡೇರಿಗೆ ಹೋಗುತ್ತಿದ್ದೆ, ಆದರೆ ಲೆಕ್ಕ ಮಾತ್ರ ಬರೆಯುತ್ತಿದ್ದೆ. ಕ್ಯಾನ್ ಹತ್ತಿರ ಆ ಹುಡುಗಿನೇ ನಿಲ್ಲುತ್ತಿದ್ದಳು. ಜುಲೈನಲ್ಲಿ ಒಂದು ಬೆಳಿಗ್ಗೆ ಅವಳು ಯಾವುದೋ ಕೆಲಸಕ್ಕೆ ಒಳಗೆ ಹೋಗಿದ್ದಾಗ ಒಬ್ಬರು ದೊಡ್ಡಮ್ಮ ಕ್ಯಾನ್ ತಂದಿಟ್ಟರು. ಮುಚ್ಚಳ ತೆಗೆದದ್ದೇ ತಡ, ಎಲೆಕೋಸಿನ ವಾಸನೆ ಮೂಗಿಗೆ ಬಡಿಯಿತು. ಮಾರಾಟವಾಗದ ಕೋಸನ್ನ ಆಗ ಎಲ್ಲರೂ ಹಸುಗಳಿಗೆ ಹಾಕುತ್ತಿದ್ದರು. ನನಗೆ ನಂಬೋಕಾಗಲಿಲ್ಲ. ಇನ್ನೊಮ್ಮೆ ಬಗ್ಗಿದೆ.

"ದೊಡ್ಡಮ್ಮ, ಇದು ಕೋಸು ತಿಂದ ಹಾಲು, ತಗೊಳ್ಳಲ್ಲ" ಅಂದೆ.

"ನಿನ್ನ ಮೂಗೇ ಹೋಗಿದೆ ಅಂತ ಊರಿಗೆಲ್ಲ ಗೊತ್ತು, ನೀನೇನಮ್ಮಾ ಹೇಳ್ತೀಯ?" ಅಂದರು ಅವರು.

ನಾನು ಒಳಗಿದ್ದ ಹುಡುಗಿಯನ್ನ ಕರೆದೆ. ಅವಳು ಕೈ ಒರೆಸಿಕೊಂಡು ಬಂದು, ಮಾಸ್ಕ್ ಇಳಿಸಿ, ಬಗ್ಗಿ ಮೂಸಿದಳು. ತಲೆ ಎತ್ತಿ ನನ್ನ ಮುಖ ನೋಡಿ, "ಕೋಸು ಅಕ್ಕಾ" ಅಂದಳು.