ಕಾಶ್ಮೀರಿ ನೊಣಹಿಡುಕಕ್ಕೆ ಸಾಕ್ಷ್ಯ: ತೋಟದ ಹಕ್ಕಿ ದಾಖಲೆಯ ಮೂರನೆಯ ವರ್ಷ

ಕೊಡಗಿನ ನಾಪೋಕ್ಲು ಸಮೀಪದ ನಮ್ಮ ಕಾಫಿ ತೋಟದಲ್ಲೂ ಅದಕ್ಕೆ ತಾಗಿದ ಗದ್ದೆಬಯಲಿನಲ್ಲೂ ಕಂಡ ಹಕ್ಕಿಗಳನ್ನು ಕ್ರಮವಾಗಿ ದಾಖಲಿಸಲು ಆರಂಭಿಸಿ ಈ ಏಪ್ರಿಲಿಗೆ ಮೂರು ವರ್ಷ ತುಂಬಿತು. ಈ ಸಲದ ಟಿಪ್ಪಣಿಯ ಬಹುಪಾಲು ಒಂದೇ ಹಕ್ಕಿಗೆ ಮೀಸಲು. ಕಾಶ್ಮೀರಿ ನೊಣಹಿಡುಕವನ್ನು ಕಂಡೆನೆಂದು ಕಳೆದ ವರ್ಷ ವರದಿ ಮಾಡಿ, ಹದಿನೈದು ದಿನಗಳಲ್ಲಿ ಆ ವರದಿಯನ್ನು ನಾನೇ ಹಿಂತೆಗೆದುಕೊಂಡಿದ್ದೆ. ಈ ವರ್ಷ ಮಾರ್ಚ್ ಕೊನೆಯ ವಾರ ಆ ಹಕ್ಕಿ ನಿಜವಾಗಿಯೂ ಬಂದಿತು.

ಕಾಶ್ಮೀರ ಮತ್ತು ಪೀರ್ ಪಂಜಾಲ್ ಶ್ರೇಣಿಯ ಕಾಡುಗಳಲ್ಲಿ ಗೂಡು ಕಟ್ಟುವ ಈ ಪುಟ್ಟ ಹಕ್ಕಿ ಚಳಿಗಾಲವನ್ನು ಮುಖ್ಯವಾಗಿ ಶ್ರೀಲಂಕಾದ ಬೆಟ್ಟಗಳಲ್ಲೂ ನೀಲಗಿರಿಯಂತಹ ಪಶ್ಚಿಮ ಘಟ್ಟದ ಎತ್ತರದ ತಾಣಗಳಲ್ಲೂ ಕಳೆಯುತ್ತದೆ. ಹೋಗುವಾಗಲೋ ಬರುವಾಗಲೋ ನಮ್ಮ ಮರಗಳಲ್ಲಿ ಒಂದೆರಡು ದಿನ ತಂಗಿದರೆ ಅದು ನಮ್ಮ ಭಾಗ್ಯ. ತೊಡಕೆಂದರೆ, ಪ್ರತಿ ಚಳಿಗಾಲದಲ್ಲೂ ನಮ್ಮಲ್ಲಿಗೆ ಬರುವ ಕೆಂಪೆದೆಯ ನೊಣಹಿಡುಕಕ್ಕೂ ಇದಕ್ಕೂ ಬಹಳ ಹೋಲಿಕೆಯಿದೆ. ಎರಡೂ ಬಾಲವನ್ನು ಎತ್ತಿ ಕುಣಿಸುತ್ತವೆ, ಎರಡರ ಬಾಲದ ಬುಡದ ಇಕ್ಕೆಲಗಳಲ್ಲೂ ಬಿಳಿ ಇರುತ್ತದೆ. ಗಂಡು ಕಾಶ್ಮೀರಿಯಲ್ಲಿ ಗಂಟಲಿನ ಕೆಂಪು ಎದೆಯನ್ನು ದಾಟಿ ಹೊಟ್ಟೆಯ ಕಡೆಗೆ ಹರಡಿರುತ್ತದೆ, ಮತ್ತು ಆ ಕೆಂಪಿಗೆ ಕತ್ತಿನ ಬದಿಯಿಂದ ಎದೆಯ ಪಕ್ಕದವರೆಗೆ ಒಂದು ಕಪ್ಪು ಅಂಚು ಇರುತ್ತದೆ. ಕೆಂಪೆದೆಯ ಹಕ್ಕಿಗೆ ಈ ಅಂಚು ಇಲ್ಲ. ಗುರುತಿಸುವಿಕೆಯೆಲ್ಲ ಈ ಅಂಚಿನ ಮೇಲೆಯೇ ನಿಂತಿದೆ ಎಂದರೂ ತಪ್ಪಾಗದು.

ಕಳೆದ ವರ್ಷ ನಾನು ತಪ್ಪಿದ್ದೂ ಇಲ್ಲಿಯೇ. ಸಂಜೆ ಐದೂವರೆಗೆ, ಸಿಲ್ವರ್ ಓಕ್ ಮರಗಳ ನಡುವಿನಿಂದ ಓರೆಯಾಗಿ ಬೀಳುತ್ತಿದ್ದ ಬಿಸಿಲಿನಲ್ಲಿ ಒಂದು ಗಂಡು ಹಕ್ಕಿಯನ್ನು ಕಂಡೆ. ಆ ಹೊಂಬಣ್ಣದ ಬೆಳಕಿಗೆ ಎದೆಯೆಲ್ಲ ಕೆಂಪಾಗಿ, ರೆಕ್ಕೆಯ ಅಂಚಿನ ನೆರಳು ಕಪ್ಪು ಗೆರೆಯಾಗಿ ತೋರಿತು. ಕೂಡಲೇ ಕೈಪಿಡಿ ತೆರೆದು ಚಿತ್ರ ನೋಡಿದೆ, ಆಮೇಲೆ ಟಿಪ್ಪಣಿ ಬರೆದೆ. ಹೀಗಾಗಿ ನನ್ನ ಟಿಪ್ಪಣಿಯಲ್ಲಿ ಇದ್ದದ್ದು ನಾನು ಕಂಡ ಹಕ್ಕಿಯ ವಿವರವಲ್ಲ, ಕೈಪಿಡಿಯ ಚಿತ್ರದ ವಿವರ. ಹಕ್ಕಿ ವೀಕ್ಷಕರು ತಮ್ಮ ಪಟ್ಟಿಗಳನ್ನು ಸಲ್ಲಿಸುವ ಜಾಲತಾಣವಾದ ಇ-ಬರ್ಡ್‌ನಲ್ಲಿ ಆ ಸ್ಥಳಕ್ಕೂ ಆ ದಿನಕ್ಕೂ ಅಪರೂಪವಾದ ಪ್ರಭೇದವನ್ನು ಸೇರಿಸಿದರೆ ವಿವರಣೆ ಕೇಳಲಾಗುತ್ತದೆ. ಆನಂತರ ಸ್ವಯಂಸೇವಕ ಪರಿಶೀಲಕರೊಬ್ಬರು ಅದನ್ನು ನೋಡುತ್ತಾರೆ. ಅವರು ಬಹಳ ಸೌಜನ್ಯದಿಂದ ಎರಡೇ ಪ್ರಶ್ನೆ ಕೇಳಿದರು: ಹಕ್ಕಿ ಮಗ್ಗುಲು ಬದಲಿಸಿದಾಗಲೂ ಕಪ್ಪು ಅಂಚು ಕಂಡಿತೇ, ಕೆಂಪು ಎಲ್ಲಿಗೆ ಕೊನೆಗೊಂಡಿತ್ತು? ನನ್ನ ನಾಲ್ಕು ಫೋಟೊಗಳನ್ನು ದೊಡ್ಡದು ಮಾಡಿ ನೋಡಿದರೆ, ನೆರಳಿನಲ್ಲಿ ಕುಳಿತಿದ್ದಾಗ ತೆಗೆದ ಮೂರನೆಯದರಲ್ಲಿ ಕೆಂಪು ಗಂಟಲಿನ ಕೆಳಗೇ ನಿಂತಿತ್ತು, ಅಂಚು ಇರಲಿಲ್ಲ. ಅದು ಕೆಂಪೆದೆಯ ನೊಣಹಿಡುಕ. ಅಂದೇ ರಾತ್ರಿ ಪಟ್ಟಿಯನ್ನು ತಿದ್ದಿದೆ. ಆ ಪರಿಶೀಲಕರಿಗೆ ನಾನು ಇಂದಿಗೂ ಕೃತಜ್ಞ.

ಅಂದಿನಿಂದ ಒಂದು ಪದ್ಧತಿಯನ್ನು ಬಿಡದೆ ಪಾಲಿಸುತ್ತಿದ್ದೇನೆ. ಅಪರೂಪದ ಹಕ್ಕಿ ಎಂದು ಅನಿಸಿದ ಕ್ಷಣದಿಂದ ಕೈಪಿಡಿಯನ್ನಾಗಲಿ ಮೊಬೈಲನ್ನಾಗಲಿ ತೆರೆಯುವುದಿಲ್ಲ. ಮೊದಲು ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯುತ್ತೇನೆ: ಸಮಯ, ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು, ಎಷ್ಟು ದೂರ, ಎಷ್ಟು ಹೊತ್ತು, ಯಾವ ಭಾಗ ಕಾಣಿಸಲೇ ಇಲ್ಲ. ಈ ಕೊನೆಯದು ಬಹಳ ಮುಖ್ಯ. ಕಾಣದ ಭಾಗವನ್ನು ಕಾಣಲಿಲ್ಲ ಎಂದು ಬರೆದಿಟ್ಟರೆ, ಮುಂದೆ ಮನಸ್ಸು ಅಲ್ಲಿ ತನಗೆ ಬೇಕಾದ ಬಣ್ಣ ತುಂಬದು.

ಈ ಸಲ ಕಾಫಿಯನ್ನು ಅರಳಿಸುವ ಹೂಮಳೆ ಚೆನ್ನಾಗಿ ಬಿದ್ದು, ಒಂಬತ್ತನೆಯ ದಿನಕ್ಕೆ ರೊಬಸ್ಟಾ ಕಾಫಿ ಗಿಡಗಳೆಲ್ಲ ಬೆಳ್ಳಗೆ ಅರಳಿದ್ದವು. ಹೂವಿಗೆ ಜೇನು, ಇತರ ಕೀಟ, ಕೀಟಕ್ಕೆ ಹಕ್ಕಿ. ಬೆಳಿಗ್ಗೆ 7.40ಕ್ಕೆ ತೋಡಿನ ಬದಿಯ ಹಾಲುವಾಣ ಮರದ ಕೆಳಗಿನ ಕೊಂಬೆಯಲ್ಲಿ ಹಕ್ಕಿ ಕುಳಿತಿತ್ತು. ನನಗೂ ಅದಕ್ಕೂ ಹನ್ನೆರಡು ಮೀಟರ್ ಅಂತರ. ಮೋಡವಿದ್ದುದರಿಂದ ಬೆಳಕು ಎಲ್ಲ ಕಡೆಯೂ ಒಂದೇ ಸಮನಾಗಿತ್ತು. ನೆಲದತ್ತ ಒಮ್ಮೆ ಎರಗಿ, ಏನನ್ನೋ ಕಚ್ಚಿಕೊಂಡು ಅದೇ ಕೊಂಬೆಗೆ ಮರಳಿ, ನನಗೆ ಎದುರಾಗಿ ಕುಳಿತಿತು. ಕಿತ್ತಳೆಗೆ ಹತ್ತಿರದ ಗಾಢ ಕೆಂಪು ಗಂಟಲಿನಿಂದ ಎದೆಯ ಕೆಳಗಿನವರೆಗೆ ಇಳಿದಿತ್ತು. ಬಲಕ್ಕೆ ತಿರುಗಿದಾಗ, ಮಸಿಯಲ್ಲಿ ಅದ್ದಿದ ಕುಂಚವನ್ನು ಒಮ್ಮೆ ಎಳೆದಂತೆ, ಕತ್ತಿನ ಪಕ್ಕದಲ್ಲಿ ಕಪ್ಪು ಅಂಚು ಸ್ಪಷ್ಟವಾಗಿ ಕಂಡಿತು. ಎಡಕ್ಕೆ ತಿರುಗಿದಾಗಲೂ ಅಲ್ಲಿಯೇ ಇತ್ತು. ಹನ್ನೊಂದು ನಿಮಿಷ ನೋಡಿದೆ. ಕೈ ನಡುಗುತ್ತಿದ್ದುದರಿಂದ ಮೊದಲ ಫೋಟೊಗಳು ಕಲಸಿಹೋದವು. ಆಮೇಲಿನ ಆರರಲ್ಲಿ ಎರಡು ಬದಿಗಳೂ ಸಿಕ್ಕವು. ಕೂಗಲಿಲ್ಲವೆಂಬುದನ್ನೂ ಬರೆದುಕೊಂಡೆ.

ವರದಿ ಸಿದ್ಧಪಡಿಸುವಾಗ ಇನ್ನೊಂದು ತೊಂದರೆ ಎದುರಾಯಿತು. ಬ್ಯಾಟರಿ ಬದಲಿಸಿದ ಮೇಲೆ ಕ್ಯಾಮೆರಾದ ಗಡಿಯಾರ ಒಂದು ಗಂಟೆ ಹಿಂದೆ ಉಳಿದಿತ್ತು. ಫೋಟೊದ ಸಮಯಕ್ಕೂ ನೋಟ್‌ಬುಕ್ಕಿನ ಸಮಯಕ್ಕೂ ಹೊಂದಾಣಿಕೆಯಿಲ್ಲದಿದ್ದರೆ ಸಂಶಯ ಬರುವುದು ಸಹಜವಾದ್ದರಿಂದ ಅದನ್ನು ವಿವರಣೆಯಲ್ಲಿಯೇ ತಿಳಿಸಿದೆ. ನೋಟ್‌ಬುಕ್ಕಿನ ಪುಟದ ಫೋಟೊವನ್ನೂ ಲಗತ್ತಿಸಿದೆ. ಆರನೆಯ ದಿನ ದಾಖಲೆ ದೃಢಪಟ್ಟಿತು.

ಅಪರೂಪದ ಹಕ್ಕಿಯ ಹಿಂದೆ ಹೋಗುವಾಗ ಸಾಮಾನ್ಯ ಹಕ್ಕಿಗಳನ್ನು ಬರೆಯದೆ ಬಿಡುವ ಅಭ್ಯಾಸ ನಮ್ಮಲ್ಲಿ ಅನೇಕರಿಗಿದೆ, ನನಗೂ ಇತ್ತು. ಅಂದಿನ ಪಟ್ಟಿಯಲ್ಲಿ ಪಿಕಳಾರ, ಮಡಿವಾಳ, ಕುಟ್ರುಹಕ್ಕಿಗಳೂ ಸಂಖ್ಯೆಯ ಸಹಿತ ಇವೆ. ಕಂಡದ್ದನ್ನೆಲ್ಲ ಬರೆದ ಪಟ್ಟಿಯಲ್ಲಿ ಮಾತ್ರ ಒಂದು ಹಕ್ಕಿಯ ಇಲ್ಲದಿರುವಿಕೆಗೆ ಅರ್ಥವಿರುತ್ತದೆ. ಫೆಬ್ರವರಿಯಲ್ಲಿ ಕಾಡಾನೆಗಳು ತೋಟದಲ್ಲಿಯೇ ಉಳಿದುಕೊಂಡಿದ್ದರಿಂದ ಎಂಟು ಬೆಳಗು ಮನೆ ಬಿಟ್ಟು ಹೊರಡಲಾಗಲಿಲ್ಲ. ಆ ದಿನಗಳನ್ನು ‘ಹಕ್ಕಿ ಇಲ್ಲ’ ಎಂದಲ್ಲ, ‘ನೋಡಲಿಲ್ಲ’ ಎಂದು ಗುರುತಿಸಿದ್ದೇನೆ. ಹಕ್ಕಿ ವೀಕ್ಷಕ ಎಫ್. ಎನ್. ಬೆಟ್ಸ್ ಅವರು ಕೊಡಗಿನ ಹಕ್ಕಿಗಳ ಬಗ್ಗೆ 1929ರಲ್ಲಿ ಬರೆದಿಟ್ಟದ್ದರಿಂದಲೇ ಅಂದಿಗೂ ಇಂದಿಗೂ ನಾವು ಹೋಲಿಸಲು ಸಾಧ್ಯವಾಗಿದೆ. ನಮ್ಮ ಪಟ್ಟಿಗಳೂ ಮುಂದೆ ಯಾರಿಗೋ ಹಾಗೆ ಬೇಕಾಗಬಹುದು.

ಒಂದು ವರದಿಯನ್ನು ಬೇಕೆಂದೇ ತಡಮಾಡಿದ್ದೇನೆ. ಜನವರಿಯಲ್ಲಿ ನೆರೆಯವರ ತೋಟದ ಅಂಚಿನ ಬಳ್ಳಿಪೊದೆಯಲ್ಲಿ ಕಪ್ಪೆಬಾಯಿ ಹಕ್ಕಿಯ ಜೋಡಿ ಸಿಕ್ಕಿತು. ಇದು ಒಂದೇ ಮೊಟ್ಟೆ ಇಡುವ ಹಕ್ಕಿ; ಹಗಲಿನಲ್ಲಿ ಗಂಡು ಕಾವಿಗೆ ಕೂರುತ್ತದೆ, ಒಣ ಎಲೆಯಂತೆ ಅಲುಗಾಡದೆ. ಅಂತಹ ಹಕ್ಕಿಯ ಸ್ಥಳ ತಿಳಿದರೆ ಕ್ಯಾಮೆರಾ ಹಿಡಿದವರು ಸಾಲುಗಟ್ಟುತ್ತಾರೆ, ಕೊಂಬೆ ಸರಿಸುತ್ತಾರೆ. ಮರಿ ಹಾರಿಹೋದ ಮೇಲೆಯೇ, ತಾಣದ ಗುರುತನ್ನು ಮರದ ಮೇಲಿಡದೆ ಊರಿನ ಮಟ್ಟಕ್ಕೆ ಇಟ್ಟು ಪಟ್ಟಿ ಸಲ್ಲಿಸುತ್ತೇನೆ.

ಏಪ್ರಿಲ್ 2ರಂದು ಅದೇ ಹಾಲುವಾಣದಲ್ಲಿ ಮತ್ತೊಂದು ನೊಣಹಿಡುಕ ಕಂಡಿತು. ಬೂದು ಮೈ, ಬಾಲದ ಬುಡದಲ್ಲಿ ಬಿಳಿ, ಎದೆಯಲ್ಲಿ ಕೆಂಪಿಲ್ಲ. ಹೆಣ್ಣೋ ಎಳೆಯದೋ ತಿಳಿಯಲಿಲ್ಲ. ಎರಡು ನಿಮಿಷ ಮಾತ್ರ ಇತ್ತು, ಫೋಟೊ ಆಗಲಿಲ್ಲ. ಒಂದು ವಾರದ ಹಿಂದೆ ಅಲ್ಲಿಯೇ ಕಂಡ ಗಂಡಿನ ಜೊತೆಯದಿರಬೇಕೆಂದು ಮನಸ್ಸು ಬಹಳ ಒತ್ತಾಯಿಸಿತು. ಪಟ್ಟಿಯಲ್ಲಿ ಅದನ್ನು ಪ್ರಭೇದದ ಹೆಸರಿಲ್ಲದೆ, ಬರಿಯ ನೊಣಹಿಡುಕ ಎಂದು, ಸಂಖ್ಯೆ 1 ಎಂದು ನಮೂದಿಸಿದ್ದೇನೆ.