ಎಚ್61 ಡೆಸ್ಕ್‌ಟಾಪ್‌ಗೆ ಲಿನಕ್ಸ್ ಮಿಂಟ್: ಹಳೆ ಡಿಸ್ಕ್ ಮೊದಲು ಹೊರಗೆ

15 ನವೆಂಬರ್ 2025, ಶನಿವಾರ

ವಿಂಡೋಸ್ 10ರ ಬೆಂಬಲ ಅಕ್ಟೋಬರ್ 14ಕ್ಕೆ ಮುಗಿದು ಒಂದು ತಿಂಗಳಾಯಿತು. ಇವತ್ತು ಮೇಜಿನ ಮೇಲಿದ್ದದ್ದು ಎಚ್61 ಚಿಪ್‌ಸೆಟ್‌ನ ಮದರ್‌ಬೋರ್ಡ್, ಐ3-2120 ಪ್ರೊಸೆಸರ್, 4 ಜಿಬಿ ಡಿಡಿಆರ್3 ರ‍್ಯಾಮ್, 500 ಜಿಬಿ ಹಾರ್ಡ್ ಡಿಸ್ಕ್. ಟೈಪಿಂಗ್, ಲೆಕ್ಕದ ಶೀಟು, ಬ್ರೌಸರ್, ಪ್ರಿಂಟು ಇಷ್ಟೇ ಇದರ ಕೆಲಸ.

ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಟಿಪಿಎಂ 2.0 (ಭದ್ರತೆಯ ಚಿಪ್), ಸೆಕ್ಯೂರ್ ಬೂಟ್ (ಸಹಿಯಿರುವ ತಂತ್ರಾಂಶದಿಂದಷ್ಟೇ ಯಂತ್ರ ಏಳಲು ಬಿಡುವ ವ್ಯವಸ್ಥೆ) ಮತ್ತು ಇಂಟೆಲ್‌ನಲ್ಲಾದರೆ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರ್. ಇದು 2ನೇ ತಲೆಮಾರು. ಇನ್‌ಸ್ಟಾಲ್ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ತಂತ್ರಾಂಶದಲ್ಲಿ ಆ ತಪಾಸಣೆಯನ್ನು ತೆಗೆದು ಪೆನ್‌ಡ್ರೈವ್ ಮಾಡಿದರೆ 11 ಕೂರುತ್ತದೆ, ನಿಜ. ಆದರೆ ಅಪ್‌ಡೇಟ್ ಬಂದೇ ಬರುತ್ತದೆ ಎಂಬ ಭರವಸೆ ಇಲ್ಲ, ವರ್ಷಕ್ಕೊಮ್ಮೆಯ ದೊಡ್ಡ ಆವೃತ್ತಿಗೆ ಮತ್ತೆ ಇದೇ ಸರ್ಕಸ್ಸು. ಕೋರ್ 2 ಡ್ಯುಯೋ ಕಾಲದ ಯಂತ್ರಗಳಿಗಂತೂ ಆ ದಾರಿಯೂ ಮುಚ್ಚಿದೆ: ಪಾಪ್‌ಕೌಂಟ್ ಎಂಬ ಸೂಚನೆ ಪ್ರೊಸೆಸರ್‌ನಲ್ಲಿ ಇಲ್ಲದಿದ್ದರೆ ವಿಂಡೋಸ್ 11ರ 24ಎಚ್2 ಆವೃತ್ತಿ ಬೂಟ್ ಆಗುವುದೇ ಇಲ್ಲ. ಹಾಗಾಗಿ ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್ 22.2, ಹಳೆ ಯಂತ್ರಕ್ಕೂ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ. 2029ರ ಏಪ್ರಿಲ್‌ವರೆಗೆ ಅಪ್‌ಡೇಟ್ ಇದೆ. ವಿಂಡೋಸನ್ನೇ ನೆಚ್ಚಿಕೊಂಡ ಟ್ಯಾಲಿ, ಡಿಜಿಟಲ್ ಸಹಿಯ ಟೋಕನ್ ಇಂಥವು ದಿನವೂ ಬೇಕಾದ ಯಂತ್ರವಾಗಿದ್ದರೆ ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ವಿಂಡೋಸ್ ಇನ್ನೂ ಓಡುತ್ತಿರುವಾಗಲೇ ಮುಗಿಸಬೇಕಾದ ಒಂದು ಕೆಲಸವಿದೆ. ಕಂಟ್ರೋಲ್ ಪ್ಯಾನಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೆದು ಶಟ್‌ಡೌನ್ ಮಾಡಬೇಕು. ಅದು ಇದ್ದರೆ ವಿಂಡೋಸ್ ಪೂರ್ತಿ ಮುಚ್ಚುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ. ಆಮೇಲೆ ಅದೇ ಡಿಸ್ಕನ್ನು ಲಿನಕ್ಸ್‌ಗೆ ಹಾಕಿದರೆ ಓದಲು ಮಾತ್ರ ಬಿಡುತ್ತದೆ, ಕೆಲವೊಮ್ಮೆ ತೆರೆಯುವುದೂ ಇಲ್ಲ.

ನಂತರ ಕ್ಯಾಬಿನೆಟ್ ಬಿಚ್ಚಿದ್ದು. ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಧೂಳು ಹತ್ತಿಯ ಹಾಸಿನಂತೆ ಕೂತಿತ್ತು, ಫ್ಯಾನ್ ತಿರುಗುತ್ತಿದ್ದರೂ ಗಾಳಿ ಕೆಳಗಿಳಿಯುತ್ತಿರಲಿಲ್ಲ. ಥರ್ಮಲ್ ಪೇಸ್ಟ್ ಒಣಗಿ ಸುಣ್ಣದ ಹಕ್ಕಳೆಯಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ನಡುವೆ ಬಟಾಣಿಯಷ್ಟು ಹೊಸ ಪೇಸ್ಟ್. ಇಂಟೆಲ್ ಫ್ಯಾನಿನ ನಾಲ್ಕು ಪಿನ್ನುಗಳನ್ನು ಎದುರುಬದುರು ಮೂಲೆಯ ಜೋಡಿಯಾಗಿ ಒತ್ತಬೇಕು. ಒಂದೇ ಪಕ್ಕದ ಎರಡನ್ನು ಮೊದಲು ಒತ್ತಿದರೆ ಇನ್ನೊಂದು ಪಕ್ಕ ಎದ್ದು ನಿಲ್ಲುತ್ತದೆ, ಪ್ರೊಸೆಸರ್ ಕಾದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಜನ ಅದನ್ನೇ ಸಾಫ್ಟ್‌ವೇರ್ ನಿಧಾನ ಅಂದುಕೊಳ್ಳುತ್ತಾರೆ.

ರ‍್ಯಾಮ್‌ಗೆ ಎರಡೇ ಸ್ಲಾಟು. ಇದ್ದ 4 ಜಿಬಿ ಪಟ್ಟಿಯ ಚಿನ್ನದ ಅಂಚನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ, ಪಕ್ಕದಲ್ಲಿ ಇನ್ನೊಂದು 4 ಜಿಬಿ, 1333 ಮೆಗಾಹರ್ಟ್ಸ್. ಎರಡೂ ಸ್ಲಾಟು ತುಂಬಿದರೆ ಡ್ಯುಯಲ್ ಚಾನೆಲ್ ಆಗುತ್ತದೆ, ಅಂದರೆ ಎರಡೂ ಪಟ್ಟಿ ಒಟ್ಟಿಗೆ ಕೆಲಸ ಮಾಡಿ ವೇಗ ಹೆಚ್ಚುತ್ತದೆ. ಆನ್‌ಬೋರ್ಡ್ ಗ್ರಾಫಿಕ್ಸ್ ಬಳಸುವುದು ಇದೇ ರ‍್ಯಾಮನ್ನಾದ್ದರಿಂದ ಅದಕ್ಕೂ ಲಾಭ. ಕೊಳ್ಳುವಾಗ ಒಂದು ಎಚ್ಚರಿಕೆ: ಅಗ್ಗಕ್ಕೆ ಸಿಗುವ ಕೆಲವು ಡಿಡಿಆರ್3 ಪಟ್ಟಿಗಳು ಎಎಂಡಿ ಬೋರ್ಡಿಗೆ ಮಾತ್ರ. ಇಂಟೆಲ್ ಬೋರ್ಡಿನಲ್ಲಿ ಅವು ಬೀಪ್ ಹೊಡೆಸುತ್ತವೆ, ಪರದೆ ಬರುವುದಿಲ್ಲ.

ಆಮೇಲೆ ಬೋರ್ಡಿನ ಗಡಿಯಾರ ನಡೆಸುವ ಬಟನ್ ಸೆಲ್ಲು, ಸಿಆರ್2032. ಮೀಟರ್‌ನಲ್ಲಿ 2.4 ವೋಲ್ಟ್ ತೋರಿಸಿತು; ಹೊಸದು 3 ವೋಲ್ಟಿನ ಮೇಲಿರಬೇಕು. ಈ ಚಿಕ್ಕ ಸೆಲ್ಲನ್ನು ಬದಲಿಸದೆ ಬಿಟ್ಟರೆ ಆಮೇಲೆ ಗಂಟೆಗಟ್ಟಲೆ ತಲೆ ಕೆಡುತ್ತದೆ. ಪ್ಲಗ್ ಕಿತ್ತಾಗಲೆಲ್ಲ ದಿನಾಂಕ ಹತ್ತು-ಹದಿನೈದು ವರ್ಷ ಹಿಂದಕ್ಕೆ ಹೋಗುತ್ತದೆ, ಬ್ರೌಸರ್ ಪ್ರತಿ ತಾಣಕ್ಕೂ ಪ್ರಮಾಣಪತ್ರ ಸರಿಯಿಲ್ಲ ಎನ್ನುತ್ತದೆ, ಅಪ್‌ಡೇಟ್ ಪಟ್ಟಿ ಇಳಿಯುವುದಿಲ್ಲ. ಜೊತೆಗೆ ಬಯಾಸ್‌ನಲ್ಲಿ (ಬೋರ್ಡಿನ ಮೂಲ ಸೆಟ್ಟಿಂಗ್‌ಗಳಲ್ಲಿ) ಮಾಡಿದ ಬದಲಾವಣೆಯೂ ಅಳಿಸಿಹೋಗುತ್ತದೆ.

ಈಗ ಮುಖ್ಯ ಸಂಗತಿ. 500 ಜಿಬಿ ಡಿಸ್ಕಿನ ಡೇಟಾ ಕೇಬಲ್, ಪವರ್ ಕೇಬಲ್ ಎರಡನ್ನೂ ಕಿತ್ತು ಪಕ್ಕಕ್ಕಿಟ್ಟು, ಹೊಸ 240 ಜಿಬಿ ಎಸ್‌ಎಸ್‌ಡಿ ಒಂದನ್ನೇ ಜೋಡಿಸಿದ್ದು. ಎರಡೂ ಇದ್ದಾಗ ಇನ್‌ಸ್ಟಾಲರ್‌ನ ಡಿಸ್ಕ್ ಅಳಿಸು ಆಯ್ಕೆಯಲ್ಲಿ ಒಂದು ಸಾಲು ತಪ್ಪಿ ಒತ್ತಿದರೆ ವರ್ಷಗಳ ಕಡತ ಹೋದಂತೆಯೇ. ಡಿಸ್ಕ್ ಸರಿಯಾಗಿ ಆರಿಸಿದರೂ ಬೂಟ್‌ಲೋಡರ್ (ಯಂತ್ರ ಆನ್ ಆದಾಗ ಲಿನಕ್ಸನ್ನು ಎಬ್ಬಿಸುವ ತುಣುಕು) ಹಳೆ ಡಿಸ್ಕಿಗೆ ಹೋಗಿ ಕೂರುವುದುಂಟು. ಮುಂದೊಂದು ದಿನ ಹಳೆಯದನ್ನು ತೆಗೆದಾಗ ಹೊಸದೂ ಏಳುವುದಿಲ್ಲ. ಕೇಬಲ್ ಕಿತ್ತಿಟ್ಟರೆ ಇವೆರಡಕ್ಕೂ ಅವಕಾಶವೇ ಇಲ್ಲ.

ಡಿಸ್ಕ್ ಜೋಡಿಸುವ ಎಚ್61ರ ಸಾಟಾ ಪೋರ್ಟ್‌ಗಳ ಮಿತಿ ಸೆಕೆಂಡಿಗೆ 3 ಗಿಗಾಬಿಟ್, ಅಂದರೆ ಎಸ್‌ಎಸ್‌ಡಿ ಡಬ್ಬಿಯ ಮೇಲೆ ಬರೆದ ವೇಗದ ಸುಮಾರು ಅರ್ಧ ಸಿಗುತ್ತದೆ. ಅದಕ್ಕೆ ಬೇಸರ ಬೇಡ. ಹಾರ್ಡ್ ಡಿಸ್ಕ್ ಒಂದೊಂದು ಚಿಕ್ಕ ಫೈಲಿಗೂ ಮುಳ್ಳು ಸರಿಸಿ ಹುಡುಕುತ್ತದೆ. ಆ ಕಾಯುವಿಕೆ ಹೋಗುವುದೇ ದೊಡ್ಡ ವ್ಯತ್ಯಾಸ. ಎಸ್‌ಎಂಪಿಎಸ್‌ನಲ್ಲಿ (ಕ್ಯಾಬಿನೆಟ್ಟಿನ ಪವರ್ ಡಬ್ಬಿಯಲ್ಲಿ) ಸಾಟಾ ಪವರ್ ಕನೆಕ್ಟರ್ ಸಾಲದಿದ್ದರೆ ನಾಲ್ಕು ಪಿನ್ನಿನಿಂದ ಸಾಟಾಕ್ಕೆ ಬದಲಿಸುವ ತುಂಡು ಕೇಬಲ್ ಅಂಗಡಿಯಲ್ಲಿ ಸಿಗುತ್ತದೆ.

ಬಯಾಸ್‌ನಲ್ಲಿ ಸಾಟಾ ಮೋಡ್ ಹಳೆ ರೀತಿಯ ಐಡಿಇ ಎಂದಿತ್ತು, ಹೊಸ ರೀತಿಯ ಎಎಚ್‌ಸಿಐಗೆ ಬದಲಾಯಿಸಿದ್ದು. ಹೊಸದಾಗಿ ಹಾಕುವಾಗ ಇದು ಸಲೀಸು. ಹಳೆ ವಿಂಡೋಸನ್ನೂ ಅದೇ ಯಂತ್ರದಲ್ಲಿ ಬೂಟ್ ಮಾಡಬೇಕಿದ್ದರೆ ಮಾತ್ರ ಸುಮ್ಮನೆ ಬದಲಾಯಿಸಬಾರದು, ನೀಲಿ ಪರದೆ ಬೀಳುತ್ತದೆ.

ಮಿಂಟ್‌ನ ಇನ್‌ಸ್ಟಾಲ್ ಫೈಲು, ಅಂದರೆ ಐಎಸ್‌ಒ, 3 ಜಿಬಿ ಹತ್ತಿರ. 8 ಜಿಬಿ ಪೆನ್‌ಡ್ರೈವ್ ಸಾಕು. ಇಳಿಸಿದ ಮೇಲೆ ಎಸ್‌ಎಚ್‌ಎ256 ಮೊತ್ತವನ್ನು (ಫೈಲಿನ ಬೆರಳಚ್ಚಿನಂಥ ಸಂಕೇತ) ಮಿಂಟ್ ತಾಣದಲ್ಲಿರುವುದರ ಜೊತೆ ತಾಳೆ ನೋಡಲೇಬೇಕು. ಅರೆಬರೆ ಇಳಿದ ಫೈಲು ಇನ್‌ಸ್ಟಾಲ್‌ನ ನಡುವೆ ಕೈ ಕೊಟ್ಟಾಗ ತಪ್ಪು ಡಿಸ್ಕಿನದೋ ರ‍್ಯಾಮಿನದೋ ಎಂದು ಹುಡುಕುವುದೇ ಕೆಲಸವಾಗುತ್ತದೆ. ಮೊದಲು ಲೈವ್ ಆಗಿ, ಅಂದರೆ ಪೆನ್‌ಡ್ರೈವ್‌ನಿಂದಲೇ ನಡೆಸಿ ಧ್ವನಿ, ನೆಟ್‌ವರ್ಕ್, ಪರದೆಯ ಅಳತೆ ನೋಡಿ, ಆಮೇಲೆ ಇನ್‌ಸ್ಟಾಲ್. ಪರದೆ ಕಪ್ಪಾದರೆ ಬೂಟ್ ಮೆನುವಿನ ಕಂಪ್ಯಾಟಿಬಿಲಿಟಿ ಮೋಡ್ ಇದೆ. ಇಲ್ಲಿ ಅದು ಬೇಕಾಗಲಿಲ್ಲ.

16 ನವೆಂಬರ್ 2025, ಭಾನುವಾರ

ಇವತ್ತಿನ ದಿನವೆಲ್ಲ ಕನ್ನಡ ಕಡತಗಳಿಗೇ ಹೋಯಿತು. ಹಳೆ ಡಿಸ್ಕನ್ನು ಯುಎಸ್‌ಬಿ ಅಡಾಪ್ಟರ್‌ಗೆ ಹಾಕಿ ನಕಲು ಮಾಡಿಕೊಂಡು ಒಂದು ಪತ್ರ ತೆರೆದರೆ ಮಿಂಟ್‌ನ ಆಫೀಸ್ ತಂತ್ರಾಂಶ ಲಿಬ್ರೆಆಫೀಸ್‌ನಲ್ಲಿ ಕಂಡದ್ದು ಕನ್ನಡವಲ್ಲ, ತಲೆಮೇಲೆ ಗೀಟು-ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ಸಾಲು. ಫೈಲು ಕೆಟ್ಟಿಲ್ಲ. ಕನ್ನಡ ಟೈಪಿಂಗ್‌ನ ನುಡಿ ತಂತ್ರಾಂಶದ ಹಳೆ ಫಾಂಟುಗಳಲ್ಲಿ ಬರೆದ ಕಡತದೊಳಗೆ ಇರುವುದು ಆ ಇಂಗ್ಲಿಷ್ ಸಂಕೇತಗಳೇ. ಕನ್ನಡದ ಆಕಾರ ಫಾಂಟಿನಲ್ಲಿ ಮಾತ್ರ ಇರುತ್ತದೆ. ಹಳೆ ಡಿಸ್ಕಿನ ವಿಂಡೋಸ್ ಫಾಂಟ್ಸ್ ಫೋಲ್ಡರಿನಿಂದ ನುಡಿಯ ಟಿಟಿಎಫ್ ಫೈಲುಗಳನ್ನು ತಂದು ಹೋಮ್ ಫೋಲ್ಡರಿನೊಳಗಿನ ಫಾಂಟ್ಸ್ ಫೋಲ್ಡರಿಗೆ ಹಾಕಿ ಲಿಬ್ರೆಆಫೀಸ್ ಮುಚ್ಚಿ ತೆರೆದಾಗ ಪತ್ರ ಮೊದಲಿನಂತೆಯೇ ಕಂಡಿತು.

ಓದಲು, ಪ್ರಿಂಟ್ ತೆಗೆಯಲು ಇಷ್ಟು ಸಾಕು. ತಿದ್ದಬೇಕಾದವನ್ನು ಯೂನಿಕೋಡ್‌ಗೆ (ಕನ್ನಡ ಅಕ್ಷರಗಳಿಗೇ ಸಂಕೇತವಿರುವ ಪದ್ಧತಿಗೆ) ಪರಿವರ್ತಿಸಬೇಕು. ಪರಿವರ್ತಕಕ್ಕೆ ಇಡೀ ಪುಟ ಸುರಿದರೆ ನಡುವೆ ಇರುವ ಇಂಗ್ಲಿಷ್ ಹೆಸರು, ಇಮೇಲ್ ವಿಳಾಸ ಎಲ್ಲವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಕೋಷ್ಟಕದ ಗೆರೆಗಳು ಕಳಚುತ್ತವೆ. ಆದ್ದರಿಂದ ಪ್ಯಾರಾ ಪ್ಯಾರಾ ಮಾಡಿ, ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಿಟ್ಟು ನೋಡುವುದೇ ಸರಿ. ಹಳೆಯದೆಲ್ಲವನ್ನೂ ಒಂದೇ ದಿನ ಬದಲಿಸುವ ಹಟ ಬೇಡ, ಮತ್ತೆ ಬಳಕೆಗೆ ಬರುವ ನಮೂನೆಗಳಷ್ಟು ಸಾಕು.

ಟೈಪಿಂಗ್‌ಗೆ ಸಾಫ್ಟ್‌ವೇರ್ ಮ್ಯಾನೇಜರ್‌ನಿಂದ ಐಬಸ್-ಎಂ17ಎನ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿ, ಇನ್‌ಪುಟ್ ಮೆಥಡ್‌ನಲ್ಲಿ ಐಬಸ್ ಆರಿಸಿ, ಲಾಗ್ ಔಟ್ ಆಗಿ ಬಂದರೆ ಕನ್ನಡದ ಪಟ್ಟಿಯಲ್ಲಿ ಕೆಜಿಪಿ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಇದು ಹೊಸದಲ್ಲ. ಒತ್ತಕ್ಷರಕ್ಕೆ ಅದೇ ಎಫ್ ಕೀಲಿ. ಲಾಗ್ ಔಟ್ ಮಾಡದೆ ಹುಡುಕಿದರೆ ಪಟ್ಟಿ ಖಾಲಿ ಕಾಣುತ್ತದೆ, ಅಲ್ಲೇ ಹಲವರು ಕೈಬಿಡುತ್ತಾರೆ.

ಪ್ರಿಂಟರ್ ಎಚ್‌ಪಿ ಲೇಸರ್‌ಜೆಟ್ 1020. ಎಚ್‌ಪಿಯ ಲಿನಕ್ಸ್ ಡ್ರೈವರ್ ಎಚ್‌ಪಿಎಲ್‌ಐಪಿಯ ಜೊತೆಗೆ ಅದರ ಪ್ಲಗಿನ್ ಕೂಡ ಇಳಿಸಬೇಕು. ಏಕೆಂದರೆ ಪ್ರಿಂಟರಿಗೆ ಆನ್ ಮಾಡಿದಾಗಲೆಲ್ಲ ಕಂಪ್ಯೂಟರಿನಿಂದಲೇ ಫರ್ಮ್‌ವೇರ್ (ಅದನ್ನು ನಡೆಸುವ ಒಳ ತಂತ್ರಾಂಶ) ಹೋಗಬೇಕು. ಕ್ಯಾನನ್ ಎಲ್‌ಬಿಪಿ2900 ಇರುವವರು ಪ್ರಿಂಟರನ್ನು ಮೊದಲು ಪರೀಕ್ಷಿಸಿ, ಆಮೇಲೆ ಮಿಂಟ್ ಬಗ್ಗೆ ತೀರ್ಮಾನಿಸಲಿ. ಅದರ ಕ್ಯಾಪ್ಟ್ ಡ್ರೈವರ್ ಹೊಸ ಲಿನಕ್ಸ್‌ನಲ್ಲಿ ಬಹಳ ಕಾಡಿಸುತ್ತದೆ.

ಕೊನೆಗೆ ಟೈಮ್‌ಶಿಫ್ಟ್‌ನಲ್ಲಿ ಒಂದು ಸ್ನ್ಯಾಪ್‌ಶಾಟ್, ಮುಂದೆ ಏನಾದರೂ ಕೆಟ್ಟರೆ ಮಿಂಟನ್ನು ಈ ಸ್ಥಿತಿಗೇ ಮರಳಿಸಲು. ಮುಂದೆ ಹಳೆ ಡಿಸ್ಕನ್ನು ಮತ್ತೆ ಜೋಡಿಸಿ ವಿಂಡೋಸ್‌ಗೆ ಹೋದರೆ ಗಡಿಯಾರ ಐದೂವರೆ ಗಂಟೆ ಹಿಂದಿರುತ್ತದೆ, ಗಾಬರಿಯಾಗಬೇಕಿಲ್ಲ: ಲಿನಕ್ಸ್ ಬೋರ್ಡಿನ ಗಡಿಯಾರದಲ್ಲಿ ಯುಟಿಸಿ (ಜಾಗತಿಕ ಪ್ರಮಾಣ) ಸಮಯ ಇಡುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯ ಎಂದು ಓದುತ್ತದೆ.

ಹಳೆ ಡಿಸ್ಕ್ ಈಗ ಆಂಟಿಸ್ಟ್ಯಾಟಿಕ್ ಚೀಲದಲ್ಲಿದೆ. ಮೇಲೆ ಅಂಟಿಸಿದ ಚೀಟಿ: 16-11-2025, ವಿಂಡೋಸ್ 10, ಮಾರ್ಚ್ ಲೆಕ್ಕ ಮುಗಿಯುವವರೆಗೆ ಅಳಿಸಬಾರದು.