ಪಟ್ಟಿ ಅನ್ನು, ಪಟ್ಟಿಯನ್ನು

ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ ಹಳೇ ಲ್ಯಾಪ್‌ಟಾಪಿಗೆ ಹೋದ ವಾರ ಡೆಬಿಯನ್ ಹಾಕಿದೆ. ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಉಚಿತ ಆಪರೇಟಿಂಗ್ ಸಿಸ್ಟಮ್ ಅದು. ಮೊದಲು ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿದೆ. ಹಾರ್ಡ್‌ಡಿಸ್ಕ್ ಮುಟ್ಟದೆ ಸುಮ್ನೆ ನೋಡಬಹುದು, ಅದೇ ದೊಡ್ಡ ಧೈರ್ಯ. ವೈಫೈ, ಸೌಂಡ್ ಎಲ್ಲ ಸರಿ ಇತ್ತು. ಹಾಕಿಯೇಬಿಟ್ಟೆ.

1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ್ದು ಇದು. ಆಗಿನ ಗೆಳತಿ ಡೆಬ್ರಾ ಹೆಸರಿಗೆ ತನ್ನ ಹೆಸರು ಅಂಟಿಸಿ ಡೆಬಿಯನ್ ಮಾಡಿದ. ಮದುವೆ ಕಾರ್ಡಿನಲ್ಲಿ ಹಾಕೋ ಹಾಗೆ!

ಇನ್‌ಸ್ಟಾಲ್ ಮಾಡುವಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಕಂಡಿತು. ಯಾರೋ ಕೂತು ಒಂದೊಂದೇ ಸಾಲು ಅನುವಾದ ಮಾಡಿದ್ದಾರೆ, ಅಲ್ವಾ? ನಾನೂ ಒಂದು ಕೈ ನೋಡೋಣ ಅಂತ ಚಿಕ್ಕದೊಂದು ಪ್ರೋಗ್ರಾಮಿನ ಅನುವಾದದ ಫೈಲ್ ತೆರೆದೆ. ಮೇಲೆ ಇಂಗ್ಲಿಷ್ ಸಾಲು, ಕೆಳಗೆ ನಮ್ಮದು. ಹತ್ತು ನಿಮಿಷದ ಕೆಲಸ ಅಂದುಕೊಂಡಿದ್ದೆ.

‘ಇದನ್ನು ಅಳಿಸಬೇಕೆ?’ ಅಂತ ಕೇಳುವ ಸಾಲಿನಲ್ಲೇ ಸಿಕ್ಕಿಬಿದ್ದೆ. ಫೈಲ್ ಹೆಸರು ಬರುವ ಜಾಗ ಖಾಲಿ ಇರುತ್ತದೆ, ಅದನ್ನು ಆಮೇಲೆ ಕಂಪ್ಯೂಟರೇ ತುಂಬುತ್ತದೆ. ಇಂಗ್ಲಿಷಿಗೆ ಏನೂ ತೊಂದರೆಯಿಲ್ಲ. ನಮಗೆ ವಿಭಕ್ತಿ ಬೇಕು. ಖಾಲಿ ಜಾಗದ ಮುಂದೆ ‘ಅನ್ನು’ ಅಂತ ಬರೆದಿಟ್ಟರೆ, ಫೈಲ್ ಹೆಸರು ‘ಪಟ್ಟಿ’ ಅಂತಿದ್ದಾಗ ‘ಪಟ್ಟಿ ಅನ್ನು’ ಅಂತ ಕೂರುತ್ತದೆ. ‘ಪಟ್ಟಿಯನ್ನು’ ಆಗಬೇಕು. ಹೆಸರು ‘ಲೆಕ್ಕ’ ಅಂತಿದ್ದರೆ ‘ಲೆಕ್ಕವನ್ನು’. ಕಂಪ್ಯೂಟರಿಗೆ ಸಂಧಿ ಯಾರು ಹೇಳಿಕೊಡಬೇಕು?

ರಾತ್ರಿ ಹನ್ನೊಂದಕ್ಕೆ ದಾರಿ ಹೊಳೆಯಿತು: ‘ಪಟ್ಟಿ ಎಂಬ ಫೈಲನ್ನು ಅಳಿಸಬೇಕೆ?’ ವಿಭಕ್ತಿಯನ್ನು ಫೈಲಿನ ತಲೆಗೆ ಕಟ್ಟಿದೆ. ಈಗ ಹೆಸರು ಏನೇ ಇರಲಿ.

ಒಟ್ಟು ಹದಿನಾಲ್ಕು ಸಾಲು ಕಳಿಸಿದ್ದೇನೆ. ಅಮ್ಮ ಕೇಳಿದರು, ‘ಇದಕ್ಕೆ ದುಡ್ಡು ಎಷ್ಟು ಕೊಡ್ತಾರೆ?’